ರೂಪಾಯಿ ಒಡೆಯುವ ಮೂವತ್ತು ದಾರಿ

1957ರ ಏಪ್ರಿಲ್ 1ರಂದು ನಮ್ಮ ರೂಪಾಯಿಗೆ ನೂರು ನಯಾ ಪೈಸೆ ಆಯಿತು. ಅದಕ್ಕೆ ಮುಂಚೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ, ಪೈಸೆಗೆ ಮೂರು ಪೈ, ಒಟ್ಟು 192 ಪೈ. ಹಳೇ ಲೆಕ್ಕ ಬಲು ತೊಡಕು, ಬ್ರಿಟಿಷರು ತಲೆ ಕೆಡಿಸಿಟ್ಟಿದ್ದರು, ನೂರು ಬಂದ ಮೇಲೆ ಜನ ಬದುಕಿಕೊಂಡರು ಅನ್ನುವ ಮಾತನ್ನು ಶಾಲೆಯಲ್ಲೂ ಕೇಳಿದ್ದೇನೆ, ಮದುವೆ ಮನೆ ಪಂಕ್ತಿಯಲ್ಲೂ ಕೇಳಿದ್ದೇನೆ. ನಾನು ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆದು ನಿವೃತ್ತಳಾದವಳು. ದಶಮಾಂಶದ ಸಲೀಸು ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹಳೆಯದು ಬರೀ ಗೊಂದಲ ಅಂದರೆ ಒಪ್ಪುವವಳಲ್ಲ. ಆ 192ರ ಒಳಗೊಂದು ಗಣಿತ ಇದೆ. ನಮ್ಮ ಕಡೆ ಭತ್ತ ಅಳೆಯುವ ಖಂಡುಗ, ಕೊಳಗಗಳ ಒಳಗೂ ಅದೇ ಇದೆ.

ಅಜ್ಜಯ್ಯ ಕೊಪ್ಪದ ಕಡೆಯ ಜಯಪುರದಲ್ಲಿ ಅಡಿಕೆ ಮಂಡಿಯೊಂದರ ರೈಟರ್ ಆಗಿದ್ದರು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯನ್ನು ಬಗೆ ಬಗೆಯಾಗಿ ಬರೆದು, ಎದುರಿಗೆ ದರ, ಅದರ ಎದುರಿಗೆ ಮೊಬಲಗು. ಮೊಬಲಗು ಬರೆಯುವುದು ಮೂರು ಅಂಕಿಯಲ್ಲಿ, ನಡುವೆ ಗೀಟು ಎಳೆದು: 3-9-8 ಅಂದರೆ ಮೂರು ರೂಪಾಯಿ ಒಂಬತ್ತಾಣೆ ಎಂಟು ಪೈ. ಅದರ ಕೆಳಗೆ 2-14-7, ಅದರ ಕೆಳಗೆ 1-7-10 ಇದೆ ಅನ್ನಿ. ಕೂಡುವುದು ಬಲಗಡೆಯಿಂದ. ಪೈ ಇಪ್ಪತ್ತೈದು; ಹನ್ನೆರಡರಂತೆ ಎರಡಾಣೆ ಹೋಯಿತು, ಒಂದು ಪೈ ಉಳಿಯಿತು. ಆಣೆ ಮೂವತ್ತು, ಕೈಯಲ್ಲಿದ್ದ ಎರಡು ಸೇರಿ ಮೂವತ್ತೆರಡು. ಹದಿನಾರರಂತೆ ಎರಡು ರೂಪಾಯಿ, ಉಳಿಕೆ ಸೊನ್ನೆ. ರೂಪಾಯಿ ಆರಕ್ಕೆ ಎರಡು ಸೇರಿ ಎಂಟು. ಮೊತ್ತ 8-0-1. ಒಂದು ಸಾಲಿನಲ್ಲಿ ಹನ್ನೆರಡರ ಮಗ್ಗಿ, ಪಕ್ಕದ ಸಾಲಿನಲ್ಲಿ ಹದಿನಾರರ ಮಗ್ಗಿ, ಅದರ ಪಕ್ಕ ಹತ್ತರ ಲೆಕ್ಕ. ಕಾಗದದ ಮೇಲೆ ಇದು ತೊಡಕೇ, ಸುಳ್ಳು ಹೇಳುವುದಿಲ್ಲ.

ಆದರೆ ಅಂಗಡಿ ಕಟ್ಟೆಯ ಮೇಲೆ ಕಾಗದ ಎಲ್ಲಿತ್ತು? ಅಲ್ಲಿ ಲೆಕ್ಕವೆಲ್ಲ ಬಾಯಲ್ಲಿ. ಡಜನ್‌ಗೆ ಎಷ್ಟು ಆಣೆಯೋ ಒಂದಕ್ಕೆ ಅಷ್ಟೇ ಪೈ: ಡಜನ್ ತೆಂಗಿನಕಾಯಿ ಒಂದೂಕಾಲು ರೂಪಾಯಿ ಅಂದರೆ ಇಪ್ಪತ್ತಾಣೆ, ಕಾಯಿಗೆ ಇಪ್ಪತ್ತು ಪೈ, ಅಂದರೆ ಒಂದಾಣೆ ಎಂಟು ಪೈ. ಮಣಕ್ಕೆ ಎರಡೂವರೆ ರೂಪಾಯಿ ಅಂದರೆ ಸೇರಿಗೆ ಒಂದಾಣೆ, ಯಾಕೆಂದರೆ ಮಣಕ್ಕೆ ನಲವತ್ತು ಸೇರು. ರೂಪಾಯಿಯನ್ನು ಮೂವರಿಗೆ ಹಂಚಿದರೆ ಐದಾಣೆ ನಾಲ್ಕು ಪೈ, ಚಿಲ್ಲರೆ ತಕರಾರಿಲ್ಲ. ಇವತ್ತಿನ ರೂಪಾಯಿ ಮೂವರಿಗೆ ಸರಿಯಾಗಿ ಹಂಚಿಕೆಯಾಗುವುದಿಲ್ಲ.

ಈಗ ಗಣಿತಕ್ಕೆ ಬರೋಣ. ಒಂದು ಸಂಖ್ಯೆಯನ್ನು ಗುಣಲಬ್ಧವಾಗಿ ಎಷ್ಟು ಬಗೆಯಲ್ಲಿ ಬರೆಯಬಹುದು? ಒಂದನ್ನು ಅಪವರ್ತನವಾಗಿ ಸೇರಿಸಬಾರದು, ಹಿಂದುಮುಂದು ಮಾಡಿದ್ದನ್ನು ಬೇರೆ ಎಂದು ಎಣಿಸಬಾರದು, ಒಡೆಯದೆ ಹಾಗೇ ಬಿಟ್ಟದ್ದನ್ನೂ ಒಂದು ಬಗೆ ಎಂದು ಹಿಡಿಯಬೇಕು. ಹನ್ನೆರಡಕ್ಕೆ ನಾಲ್ಕು: 12, 2×6, 3×4, 2×2×3. ಹದಿನಾರಕ್ಕೆ ಐದು. ನೂರಕ್ಕೆ ಒಂಬತ್ತು, ಬೇಕಾದರೆ ಕೂತು ಬರೆದು ನೋಡಿ, 2×2×5×5ರವರೆಗೆ ಒಂಬತ್ತೇ ಸಿಗುತ್ತವೆ. 192ಕ್ಕೆ ಮೂವತ್ತು.

ಮೂವತ್ತನ್ನೂ ಬರೆಯದೆ ಎಣಿಸುವ ಉಪಾಯ ಇದೆ. 192ರಲ್ಲಿ ಆರು ಎರಡು, ಒಂದು ಮೂರು ಇವೆ. ಆ ಮೂರು ಯಾವ ಅಪವರ್ತನದ ಒಳಗೆ ಕೂತಿದೆಯೋ ಅದು ತನ್ನ ಜೊತೆಗೆ ಎಷ್ಟು ಎರಡುಗಳನ್ನು ಎಳೆದುಕೊಂಡಿದೆ ಎಂದು ಮೊದಲು ನೋಡಿ: ಸೊನ್ನೆಯಿಂದ ಆರರವರೆಗೆ ಎಷ್ಟಾದರೂ ಆಗಬಹುದು. ಮಿಕ್ಕ ಎರಡುಗಳನ್ನು ಗುಂಪು ಮಾಡುವುದು ಅಂದರೆ ಬರೀ ಕೂಡಿಸುವ ಲೆಕ್ಕ. ಆರನ್ನು ಕೂಡುಮೊತ್ತವಾಗಿ ಒಡೆಯಲು ಹನ್ನೊಂದು ದಾರಿ, ಐದಕ್ಕೆ ಏಳು, ನಾಲ್ಕಕ್ಕೆ ಐದು, ಮೂರಕ್ಕೆ ಮೂರು, ಎರಡಕ್ಕೆ ಎರಡು, ಒಂದಕ್ಕೆ ಒಂದು, ಏನೂ ಉಳಿಯದಿದ್ದರೆ ಒಂದು. ಎಲ್ಲ ಸೇರಿ ಮೂವತ್ತು. ಗುಣಾಕಾರದ ಪ್ರಶ್ನೆ ಹೀಗೆ ಸಂಕಲನದ ಪ್ರಶ್ನೆಯಾಗಿ ಕರಗುತ್ತದೆ. 1918ರಲ್ಲಿ ಗಣಿತಜ್ಞ ಹಾರ್ಡಿಯ ಜೊತೆ ಸೇರಿ ರಾಮಾನುಜನ್ ಬರೆದ ಪ್ರಸಿದ್ಧ ಪ್ರಬಂಧ ಇರುವುದು ಈ ಕೂಡುಮೊತ್ತಗಳ ಎಣಿಕೆಯ ಮೇಲೆಯೇ.

ಸಂಖ್ಯೆಯನ್ನು ಒಡೆದು ಗುಣಿಸುವ ವಿದ್ಯೆ ಕನ್ನಡ ನಾಡಿಗೆ ತೀರ ಹಳೆಯದು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಮಾನ್ಯಖೇಟದಿಂದ ಆಳುತ್ತಿದ್ದಾಗ, ಸುಮಾರು 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಮಾನ್ಯಖೇಟ ಅಂದರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಪುಸ್ತಕ ಸಂಸ್ಕೃತದ್ದು, ಅಚ್ಚಾಗಿದ್ದು 1912ರಲ್ಲಿ ಮದರಾಸಿನಲ್ಲಿ, ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದ ಜೊತೆ. ನಾನು ಓದಿದ್ದು ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದ, 2000ದಲ್ಲಿ ಹೊಂಬುಜದಿಂದ ಪ್ರಕಟವಾದದ್ದು. ಹೊಂಬುಜ ನಮಗೆ ತೀರ್ಥಹಳ್ಳಿ ದಾಟಿದರೆ ಸಿಗುವ ಊರು. ಗಣಿತದ ಪುಸ್ತಕವೊಂದು ಅಷ್ಟು ಹತ್ತಿರದಿಂದ ಬಂದಿತ್ತಲ್ಲ ಅನ್ನುವ ಸಡಗರಕ್ಕೇ ಅದನ್ನು ಓದಲು ಹಿಡಿದದ್ದು.

ಗುಣಾಕಾರದ ಪ್ರಕರಣದಲ್ಲಿ ಮಹಾವೀರ ಮೊದಲೇ ಹೇಳಿಬಿಡುತ್ತಾನೆ: ಗುಣ್ಯ, ಗುಣಕ ಎರಡನ್ನೂ ಬಾಗಿಲ ಕೀಲುಗಳ ಹಾಗೆ ಒಂದರ ಕೆಳಗೊಂದು ಇಡು, ಗುಣ್ಯದಿಂದ ಒಂದು ಅಪವರ್ತನ ಕಿತ್ತು ಗುಣಕಕ್ಕೆ ಸೇರಿಸಬಹುದು, ಗುಣಕದಿಂದ ಕಿತ್ತು ಗುಣ್ಯಕ್ಕೆ ಸೇರಿಸಬಹುದು, ಅಥವಾ ಇದ್ದ ಹಾಗೆಯೇ ಗುಣಿಸಬಹುದು. ಒಡೆಯುವುದು ಅವನಿಗೆ ಅಡ್ಡದಾರಿಯಲ್ಲ, ಹೆದ್ದಾರಿಯೇ. ಅವನು ಕೊಟ್ಟ ಲೆಕ್ಕಗಳಲ್ಲೊಂದು 27994681×441. ನೇರ ಗುಣಿಸಲು ಹೋದರೆ ಬೇಸರ. 441 ಅಂದರೆ 21×21. ಒಂದು ಸಲ ಇಪ್ಪತ್ತೊಂದರಿಂದ ಗುಣಿಸಿದರೆ 587888301. ಇನ್ನೊಂದು ಸಲ ಗುಣಿಸಿದರೆ 12345654321. ಒಂದರಿಂದ ಆರಕ್ಕೆ ಹತ್ತಿ ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆಯಂಥವನ್ನು ಅವನು ಕೊರಳಿಗೆ ಹಾಕುವ ಹಾರ ಎನ್ನುತ್ತಾನೆ. 152207×73 = 11111111 ಅವನದೇ ಇನ್ನೊಂದು ಹಾರ. ಕೆಲಸ ಮಾಡುವಾಗ ಬೇಜಾರಾದರೆ ನಾನು ಇಂಥವನ್ನು ರಶೀದಿಯ ಹಿಂದೆ ಬರೆದು ನೋಡುತ್ತಿದ್ದೆ.

441ಕ್ಕೂ 100ಕ್ಕೂ ಏನು ನಂಟು? ಮೇಲ್ನೋಟಕ್ಕೆ ಏನೂ ಇಲ್ಲ. ಆದರೆ ಎರಡನ್ನೂ ಒಡೆಯುವ ದಾರಿಗಳು ಒಂಬತ್ತೇ. ನೂರರಲ್ಲಿ ಎರಡು ಎರಡು ಸಲ, ಐದು ಎರಡು ಸಲ. 441ರಲ್ಲಿ ಮೂರು ಎರಡು ಸಲ, ಏಳು ಎರಡು ಸಲ. ಯಾವ ಅವಿಭಾಜ್ಯ ಸಂಖ್ಯೆ ಎಂಬುದು ಮುಖ್ಯವಲ್ಲ, ಅದು ಎಷ್ಟು ಸಲ ಬಂದಿದೆ ಎಂಬುದಷ್ಟೇ ಮುಖ್ಯ. ಈ ಮಾತು ಹೊಳೆದ ಮೇಲೆ ನನ್ನ ಗಮನ ಹೋದದ್ದು ನಮ್ಮ ಭತ್ತದ ಅಳತೆಯ ಕಡೆಗೆ.

ಕಂಪನಿ ಸರ್ಕಾರ 1835ರಲ್ಲಿ ರೂಪಾಯಿಯನ್ನು ಒಂದೇ ಅಚ್ಚಿಗೆ ತರುವುದಕ್ಕೆ ಮುಂಚೆ, ಈ ಸೀಮೆಯಲ್ಲಿ ಓಡಾಡುತ್ತಿದ್ದದ್ದು ವರಹ, ಹಣ. ಕೊಪ್ಪ, ಶೃಂಗೇರಿಯ ಸುತ್ತ ಕೆಳದಿಯವರ ಇಕ್ಕೇರಿ ವರಹ. ವರಹಕ್ಕೆ ಹತ್ತು ಹಣ. ಹಣದ ಕಾಲು ಭಾಗ ಹಾಗ, ಹದಿನಾರನೇ ಒಂದು ಭಾಗ ವೀಸ. ಅಂದರೆ ವರಹಕ್ಕೆ 160 ವೀಸ. ಅದನ್ನು ಒಡೆಯಲು ಹತ್ತೊಂಬತ್ತು ದಾರಿ. ಆದರೆ ಮಲೆನಾಡಿನಲ್ಲಿ ಹಣ ಕಂಡವರು ಕಡಿಮೆ, ಭತ್ತ ಅಳೆದವರೇ ಹೆಚ್ಚು. ನಾನು ಮನೆಯಲ್ಲಿ ಕಲಿತ ಸರಣಿ ಹೀಗೆ: ನಾಲ್ಕು ಮಾನ ಒಂದು ಬಳ್ಳ, ನಾಲ್ಕು ಬಳ್ಳ ಒಂದು ಕೊಳಗ, ಇಪ್ಪತ್ತು ಕೊಳಗ ಒಂದು ಖಂಡುಗ. ಕೊಳಗದ ಗಾತ್ರ ಊರಿಂದ ಊರಿಗೆ ಬೇರೆ. ಗೇಣಿ ಅಳೆಯುವ ಕೊಳಗವೇ ಬೇರೆ, ಕೂಲಿ ಅಳೆಯುವ ಕೊಳಗವೇ ಬೇರೆ ಎಂಬ ದೂರು ಗೇಣಿದಾರರ ಬಾಯಲ್ಲಿ ಸದಾ ಇರುತ್ತಿತ್ತು. 1974ರ ಭೂಸುಧಾರಣೆ ಬರುವವರೆಗೂ ಆ ಜಗಳ ನಿಂತಿರಲಿಲ್ಲ. ಗಾತ್ರ ಏನೇ ಇರಲಿ, ಸರಣಿಯನ್ನು ಗುಣಿಸಿದರೆ ಖಂಡುಗಕ್ಕೆ 320 ಮಾನ. 320ರಲ್ಲಿ ಆರು ಎರಡು, ಒಂದು ಐದು. 192ರಲ್ಲಿ ಆರು ಎರಡು, ಒಂದು ಮೂರು. ಕಲ್ಕತ್ತೆಯ ಟಂಕಸಾಲೆಯ ರೂಪಾಯಿಗೂ ನಮ್ಮ ಕಣದ ಖಂಡುಗಕ್ಕೂ ಒಂದೇ ಮೈಕಟ್ಟು. ಖಂಡುಗ ಒಡೆಯಲೂ ಮೂವತ್ತೇ ದಾರಿ.

ಆ ಮೂರರ ಜಾಗದಲ್ಲಿ ಐದು ಕೂತದ್ದರಿಂದ ಒಂದು ಪೇಚು ಇತ್ತು. ಬೆಳೆಯನ್ನು ಮೂರು ಪಾಲು ಮಾಡುವುದು ನಮ್ಮಲ್ಲಿ ಹೊಸದಲ್ಲ. ಹದಿನೇಳನೇ ಶತಮಾನದ ಕೆಳದಿಯ ಶಿವಪ್ಪನಾಯಕನ ‘ಶಿಸ್ತು’ ಎಂಬ ಕಂದಾಯ ಪದ್ಧತಿಯಲ್ಲೇ ಸರ್ಕಾರಕ್ಕೆ ಮೂರನೇ ಒಂದು ಪಾಲು ಎಂದು ಹೇಳುತ್ತಾರೆ. ಒಂದು ಖಂಡುಗವನ್ನು ಮೂರು ಪಾಲು ಮಾಡಿ ನೋಡಿ. ಆರಾರು ಕೊಳಗ ಹೋಗಿ ಎರಡು ಕೊಳಗ ಉಳಿಯುತ್ತದೆ. ಅದನ್ನು ಬಳ್ಳ ಮಾಡಿದರೆ ಎಂಟು. ಎರಡೆರಡು ಹೋಗಿ ಎರಡು ಬಳ್ಳ ಉಳಿಯುತ್ತದೆ. ಅದನ್ನು ಮಾನ ಮಾಡಿದರೆ ಮತ್ತೆ ಎಂಟು, ಮತ್ತೆ ಎರಡೆರಡು ಹೋಗಿ ಎರಡು ಉಳಿಯುತ್ತದೆ. ನಾಲ್ಕರ ಮೆಟ್ಟಿಲು ಇಳಿಯುತ್ತಾ ಹೋದಷ್ಟೂ ಆ ಎರಡು ತಪ್ಪದು. ಕೊನೆಗೆ ಉಳಿದ ಮುಷ್ಟಿ ಭತ್ತ ಕಣದ ಹಕ್ಕಿಗೋ ಅಳೆದವನಿಗೋ ಹೋಗಿರಬೇಕು, ಅಷ್ಟಕ್ಕೆ ಯಾರೂ ಕಡತ ಬರೆಯುವುದಿಲ್ಲ. ಅಳೆಯುವವನು ಮೊದಲನೇ ಕೊಳಗವನ್ನು ‘ಒಂದು’ ಅನ್ನದೆ ‘ಲಾಭ’ ಎಂದು ಶುರುಮಾಡುತ್ತಿದ್ದ. ಲಾಭ, ಎರಡು, ಮೂರು.

ಕಡತ ಅಂದೆ. ಶೃಂಗೇರಿ ಮಠದಲ್ಲಿ ಉಳಿದುಬಂದ ಕಡತಗಳನ್ನು ಆಧರಿಸಿ ಡಾ. ಎ.ಕೆ. ಶಾಸ್ತ್ರಿಯವರು ಆ ಸೀಮೆಯ ಇತಿಹಾಸ ಬರೆದಿದ್ದಾರೆ. ಬಟ್ಟೆಗೆ ಹುಣಸೆಬೀಜದ ಗಂಜಿ ಮತ್ತು ಇದ್ದಿಲು ಬಳಿದು ಒಣಗಿಸಿ ಮಡಿಸಿದರೆ ಕಡತ. ಬರೆಯುವುದು ಬಳಪದಲ್ಲಿ, ಒರೆಸಿ ಮತ್ತೆ ಬರೆಯಬಹುದು. 1823ರಲ್ಲಿ ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ 533 ಊರಶಾಲೆಗಳ ಬಗ್ಗೆ ವರದಿ ಬರೆದಾಗ ಅಲ್ಲಿನ ಮಕ್ಕಳ ಕೈಯಲ್ಲಿ ಕಂಡದ್ದೂ ಇಂಥದೇ ಕಪ್ಪು ಹಾಳೆ, ಬಳಪ. ಆ ಮಕ್ಕಳು ಮಗ್ಗಿ ಒದರುವಾಗ ಕಾಲು, ಅರೆ, ಮುಕ್ಕಾಲಿನ ಮಗ್ಗಿಯೂ ಇರುತ್ತಿತ್ತು. ಎರಡೆರಡಾಗಿ ಮತ್ತೆ ಮತ್ತೆ ಒಡೆದು ಕಟ್ಟಿದ ಅಳತೆಗಳ ಲೋಕದಲ್ಲಿ ಅದಿಲ್ಲದೆ ನಡೆಯುತ್ತಿರಲಿಲ್ಲ.

ದಾರಿಗಳನ್ನು ಎಣಿಸಬೇಕು ಅನ್ನುವ ಹುಚ್ಚು ಮಾತ್ರ ತಡವಾಗಿ ಬಂತು. ಮಹಾವೀರನಿಗೆ ಎಣಿಕೆ ಗೊತ್ತಿತ್ತು: ಆರು ರಸಗಳನ್ನು ಎಷ್ಟು ಬಗೆಯಲ್ಲಿ ಕೂಡಿಸಬಹುದು ಎಂದು ಕೇಳಿ, ಅಂಥ ಲೆಕ್ಕಕ್ಕೆಲ್ಲ ಒಪ್ಪುವ ಸೂತ್ರ ಕೊಟ್ಟವನು ಅವನು, ಉತ್ತರ 63. 1356ರಲ್ಲಿ ನಾರಾಯಣ ಪಂಡಿತ ‘ಗಣಿತಕೌಮುದಿ’ಯ ಒಂದು ಇಡೀ ಅಧ್ಯಾಯವನ್ನು ಸಂಖ್ಯೆಗಳ ಭಾಜಕಗಳಿಗೆ ಮೀಸಲಿಟ್ಟ. 1915ರಲ್ಲಿ ರಾಮಾನುಜನ್, ತನಗಿಂತ ಸಣ್ಣ ಎಲ್ಲ ಸಂಖ್ಯೆಗಳಿಗಿಂತ ಹೆಚ್ಚು ಭಾಜಕಗಳಿರುವ ಸಂಖ್ಯೆಗಳ ಬಗ್ಗೆ ದೊಡ್ಡ ಪ್ರಬಂಧವನ್ನೇ ಪ್ರಕಟಿಸಿದರು. ಅವರ ಪಟ್ಟಿಯಲ್ಲಿ 12 ಇದೆ, 24, 36, 48 ಇವೆ. ಆದರೆ 16 ಇಲ್ಲ, 192 ಇಲ್ಲ. ಹದಿನಾರಕ್ಕೆ ಐದೇ ಭಾಜಕ, ಅದಕ್ಕಿಂತ ಸಣ್ಣ ಹನ್ನೆರಡಕ್ಕೇ ಆರು. ಹಾಗಾದರೆ ರೂಪಾಯಿಗೆ ಹದಿನಾರಾಣೆ ಇಟ್ಟದ್ದು ಕೆಟ್ಟ ಆಯ್ಕೆಯೇ?

ಇದಕ್ಕೆ ಉತ್ತರ ಬೇರೆ ಪಟ್ಟಿಯಲ್ಲಿದೆ. ಭಾಜಕಗಳನ್ನಲ್ಲ, ಗುಣಲಬ್ಧದ ದಾರಿಗಳನ್ನು ಎಣಿಸುವ ಪ್ರಶ್ನೆಯನ್ನು 1920ರ ದಶಕದಲ್ಲಿ ಅಲೆಕ್ಸಾಂಡರ್ ಆಪನ್‌ಹೈಮ್ ಎತ್ತಿಕೊಂಡಿದ್ದ. ದಾರಿಗಳು ಹೆಚ್ಚೆಂದರೆ ಎಷ್ಟಿರಬಹುದು ಎಂಬ ಅವನ ಅಂದಾಜು ತಪ್ಪೆಂದು ತೋರಿಸಿ ತಿದ್ದಿದ್ದು 1983ರಲ್ಲಿ ಕ್ಯಾನ್‌ಫೀಲ್ಡ್, ಏರ್ಡಿಶ್, ಪೊಮರನ್ಸ್ ಮೂವರು. ತನಗಿಂತ ಸಣ್ಣ ಎಲ್ಲ ಸಂಖ್ಯೆಗಳಿಗಿಂತ ಹೆಚ್ಚು ದಾರಿಗಳಲ್ಲಿ ಒಡೆಯುವ ಸಂಖ್ಯೆಗಳನ್ನು ಅವರು ಪಟ್ಟಿ ಮಾಡಿದರು. ಪಟ್ಟಿ ಹೀಗೆ ಹೋಗುತ್ತದೆ: 4, 8, 12, 16, 24, 36, 48, 72, 96, 120, 144, 192. ಆಣೆಗೆ ನಾಲ್ಕು ಪೈಸೆ, ಆಣೆಗೆ ಹನ್ನೆರಡು ಪೈ, ರೂಪಾಯಿಗೆ ಹದಿನಾರು ಆಣೆ, ರೂಪಾಯಿಗೆ 192 ಪೈ, ನಾಲ್ಕೂ ಅಲ್ಲಿವೆ. 144ಕ್ಕೆ ಇಪ್ಪತ್ತೊಂಬತ್ತು ದಾರಿ, 180ಕ್ಕೆ ಇಪ್ಪತ್ತಾರು. ಮೂವತ್ತು ಮುಟ್ಟಿದ ಮೊದಲ ಸಂಖ್ಯೆ 192. ಟಂಕಸಾಲೆಯವರು ಇದನ್ನು ಲೆಕ್ಕ ಹಾಕಿ ಇಟ್ಟರು ಎಂದು ನಾನು ಹೇಳುತ್ತಿಲ್ಲ. ಅರ್ಧ, ಅರ್ಧದಲ್ಲಿ ಅರ್ಧ ಎಂದು ಒಡೆಯುತ್ತಾ ಬಂದ ಸಂತೆಯ ಕೈಗಳು ಜೊತೆಗೊಂದು ಮೂರನ್ನು ಇಟ್ಟುಕೊಂಡರೆ ತಾನಾಗಿ ಇಲ್ಲಿಗೇ ಬಂದು ನಿಲ್ಲುತ್ತವೆ.

ನಾಣ್ಯಕ್ಕೆ ಬೇಕಾದದ್ದು ಬರೀ ಭಾಜಕಗಳಲ್ಲ, ಮೆಟ್ಟಿಲು, ಅಂದರೆ ಪ್ರತಿ ನಾಣ್ಯವೂ ತನಗಿಂತ ಸಣ್ಣದರ ಇಷ್ಟು ಪಟ್ಟು ಎಂದು ಸರಿಯಾಗಿ ಕೂರುವ ಸರಣಿ. ಇದನ್ನು ಚೊಕ್ಕವಾಗಿ ಹೇಳಿದವನು ಪರ್ಸಿ ಮ್ಯಾಕ್‌ಮಹೋನ್. ಫಿರಂಗಿ ದಳದ ಅಧಿಕಾರಿಯಾಗಿ 1873ರಲ್ಲಿ ಮದರಾಸಿಗೆ ಬಂದ ಇವನು ಕೆಲವು ವರ್ಷಗಳಲ್ಲಿ ಕಾಯಿಲೆ ಬಿದ್ದು ಇಂಗ್ಲೆಂಡಿಗೆ ಮರಳಿ ಗಣಿತ ಹಿಡಿದ. ಕೂಡುಮೊತ್ತಗಳ ಎಣಿಕೆಗೆ ಹಾರ್ಡಿ, ರಾಮಾನುಜನ್‌ ಕೊಟ್ಟ ಸೂತ್ರವನ್ನು ತಾಳೆ ನೋಡಲು ಇನ್ನೂರರವರೆಗೆ ಕೈಯಲ್ಲೇ ಎಣಿಸಿ ಕೋಷ್ಟಕ ಮಾಡಿಕೊಟ್ಟವನೂ ಇವನೇ. 1886ರಲ್ಲಿ ಅವನು ಕೇಳಿದ ಪ್ರಶ್ನೆ: ಒಂದರಿಂದ ಹದಿನೈದರವರೆಗಿನ ಪ್ರತಿ ತೂಕವನ್ನೂ ಒಂದೇ ಒಂದು ರೀತಿಯಲ್ಲಿ ತೂಗುವಂಥ ಕಲ್ಲುಗಳ ಗುಂಪು ಎಷ್ಟು? 1, 2, 4, 8 ಒಂದು ಗುಂಪು. ಒಂದರ ಮೂರು ಕಲ್ಲು, ನಾಲ್ಕರ ಮೂರು ಕಲ್ಲು ಇನ್ನೊಂದು. ಹೀಗೆ ಎಂಟು ಗುಂಪು. ಹದಿನಾರನ್ನು ಗುಣಲಬ್ಧವಾಗಿ, ಈ ಸಲ ಹಿಂದುಮುಂದನ್ನೂ ಬೇರೆಯೆಂದು ಎಣಿಸಿ, ಒಡೆಯುವ ದಾರಿಗಳೂ ಎಂಟೇ. ಪ್ರತಿ ಒಡೆತವೂ ಒಂದು ಸೆಟ್ಟು ಕಲ್ಲು.

ಇದನ್ನು ರೂಪಾಯಿಗೆ ಹಚ್ಚಿ ನೋಡಿ. ಎರಡು ಪೈ, ಮೂರು ಪೈಸೆ, ಒಂದಾಣೆ, ಎರಡಾಣೆ, ನಾಲ್ಕಾಣೆ, ಎಂಟಾಣೆ ಒಂದೊಂದು, ಒಟ್ಟು ಒಂಬತ್ತು ನಾಣ್ಯ ಜೇಬಿನಲ್ಲಿದ್ದರೆ ಒಂದು ಪೈಯಿಂದ 191 ಪೈವರೆಗೆ ಯಾವ ಮೊತ್ತವನ್ನಾದರೂ ಚಿಲ್ಲರೆ ಕೇಳದೆ ಕೊಡಬಹುದು, ಕೊಡುವ ರೀತಿಯೂ ಒಂದೇ. ಇಂಥ ನಾಣ್ಯಸರಣಿಗಳನ್ನು 192ಕ್ಕೆ 256 ಬಗೆಯಲ್ಲಿ ಕಟ್ಟಬಹುದು. ನೂರಕ್ಕೆ 26 ಬಗೆ ಮಾತ್ರ. ನಾಲ್ಕಾಣೆಗೆ 48 ಪೈ ಅಲ್ಲವೇ? ಹಿಂದುಮುಂದು ಎಣಿಸಿ 48ನ್ನು ಒಡೆಯುವ ದಾರಿಗಳೂ ಸರಿಯಾಗಿ 48. ಒಂದನ್ನು ಬಿಟ್ಟರೆ ಹೀಗೆ ತನ್ನಷ್ಟೇ ದಾರಿಗಳಿರುವ ಮೊದಲ ಸಂಖ್ಯೆ ಅದು. ಅದರಿಂದ ಯಾರಿಗೂ ಮೂರು ಕಾಸಿನ ಉಪಯೋಗ ಇಲ್ಲ, ಆದರೂ ನನಗೆ ಖುಷಿ.

ನಯಾ ಪೈಸೆಯ ನಾಣ್ಯಗಳಲ್ಲಿ ಈ ಮೆಟ್ಟಿಲು ಮುರಿದಿದೆ. 1, 2, 5, 10, 25, 50: ಐದು ಎರಡರ ಲೆಕ್ಕಕ್ಕೆ ಬಾರದು, ಇಪ್ಪತ್ತೈದು ಹತ್ತರ ಲೆಕ್ಕಕ್ಕೆ ಬಾರದು. ಬದಲಾವಣೆಯ ದಿನಗಳಲ್ಲಿ ಪೇಚು ಇನ್ನೂ ಹೆಚ್ಚು. ಒಂದಾಣೆ ಅಂದರೆ ಆರೂಕಾಲು ನಯಾ ಪೈಸೆ. ಅರ್ಧ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬಿಡು ಎಂದು ಕಾನೂನು. ಹಾಗಾಗಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಒಂದೊಂದಾಣೆಯ ಸಾಮಾನು ಮೂರು ಸಲ ತಂದರೆ 18, ಒಟ್ಟಿಗೆ ತಂದರೆ 19. ಅಜ್ಜಯ್ಯ ಮೊಮ್ಮಕ್ಕಳನ್ನು ಅಂಗಡಿಗೆ ಮೂರು ಸಲ ಓಡಿಸುತ್ತಿದ್ದರೆಂದು ನಮ್ಮ ಮನೆಯಲ್ಲಿ ಈಗಲೂ ನಗುತ್ತಾರೆ. 1964ರಲ್ಲಿ ‘ನಯಾ’ ಬಿದ್ದುಹೋಯಿತು. ನಾಲ್ಕಾಣೆ ಎಂಬ ಹೆಸರು ಮಾತ್ರ 2011ರ ಜೂನ್ 30ಕ್ಕೆ ಇಪ್ಪತ್ತೈದು ಪೈಸೆಯೇ ಚಲಾವಣೆಯಿಂದ ಹೋಗುವವರೆಗೆ ನಮ್ಮ ಬಾಯಲ್ಲಿತ್ತು.

ಹಾಗೆಂದು ಹಳೆಯದು ಮರಳಿ ಬರಲಿ ಅನ್ನುವವಳಲ್ಲ ನಾನು. ಕಾಗದದ ಮೇಲೆ ಬರೆಯುವವರಿಗೆ ನೂರೇ ಸರಿ, ನಾನಂತೂ ಅದರಲ್ಲೇ ಅನ್ನ ಉಂಡೆ. ಮೆಟ್ಟಿಲು ಮುರಿದದ್ದರಿಂದ ಒಂದು ಲಾಭವೂ ಆಯಿತು, ಅದು ಹಣದಲ್ಲಲ್ಲ, ತೂಕದಲ್ಲಿ. ಮೆಟ್ರಿಕ್ ತೂಕ 1958ರಿಂದ ಒಂದೊಂದಾಗಿ ಬಂದು 1962ರ ಹೊತ್ತಿಗೆ ಕಡ್ಡಾಯವಾಯಿತು. ಅಂಗಡಿಯ ಕಲ್ಲುಗಳು 50, 100, 200, 200, 500 ಗ್ರಾಂ. ಐನೂರನ್ನು ಒಂದು ಕಲ್ಲಿನಿಂದಲೂ ತೂಗಬಹುದು, ಎರಡು ಇನ್ನೂರು ಮತ್ತು ನೂರರಿಂದಲೂ ತೂಗಬಹುದು. ಮ್ಯಾಕ್‌ಮಹೋನ್ ಕಣ್ಣಿಗೆ ಇದು ಕೊರತೆ. ಕಲ್ಲಿನ ತಳ ಕೊರೆದಿದ್ದಾನೋ ಎಂದು ಅನುಮಾನ ಇದ್ದ ಗಿರಾಕಿಗೆ ಇದೇ ಆಸರೆ: ಒಂದು ತಟ್ಟೆಯಲ್ಲಿ ಐನೂರು, ಇನ್ನೊಂದರಲ್ಲಿ ಇನ್ನೂರು, ಇನ್ನೂರು, ನೂರು ಇಡಿಸಿದರೆ ಮುಳ್ಳೇ ಹೇಳುತ್ತದೆ. ಅರೆಪಾವು, ಪಾವು, ಅಚ್ಚೇರು, ಸೇರು ಎಂದು ಇಮ್ಮಡಿ ಏರುತ್ತಾ ಹೋಗುವ ಹಳೇ ಕಲ್ಲುಗಳಲ್ಲಿ ಆ ಪರೀಕ್ಷೆ ನಡೆಯುವುದೇ ಇಲ್ಲ. ಒಂದು ಸೆಟ್ಟಿನೊಳಗಿನ ಯಾವ ಕಲ್ಲೂ ಇನ್ನುಳಿದವುಗಳಿಗೆ ಸಮ ತೂಗದು. ಅಚ್ಚೇರನ್ನು ಪರೀಕ್ಷಿಸಬೇಕಾದರೆ ಮತ್ತೊಂದು ಅಚ್ಚೇರೇ ಬೇಕು, ಅದನ್ನು ಪಕ್ಕದ ಅಂಗಡಿಯಿಂದ ಕೇಳಿ ತರಬೇಕು.